ಬ್ರೇಕು ಹದಕ್ಕೆ ಬರುವ ತನಕ

ಕೆಲಸ ಮುಗಿದ ಮೇಲೂ ಗಾಡಿ ಕೊಡದ ಮಿಸ್ತ್ರಿಯನ್ನು ನನ್ನ ಆಯುಷ್ಯದಲ್ಲಿ ಒಬ್ಬರನ್ನೇ ಕಂಡೆ. ಬೈಲಹೊಂಗಲದ ದನದ ಪೇಟೆಯ ಹಿಂದೆ ಅವರದೊಂದು ತಗಡಿನ ಶೆಡ್ಡು. ಚಕ್ರ ಬಿಚ್ಚಿ, ಒಳಗೆಲ್ಲ ಒರೆಸಿ, ತಿರುಗಿ ಕೂಡಿಸಿ, ನಟ್ಟು ಬಿಗಿದಾಗಿರುತ್ತಿತ್ತು. ನಾವು ಹ್ಯಾಂಡಲ್ಲಿಗೆ ಕೈಹಾಕಿದರೆ ಅವರು ಮುಂದಿನ ಗಾಲಿಗೆ ಕಾಲು ಅಡ್ಡ ಕೊಟ್ಟು ನಿಲ್ಲುತ್ತಿದ್ದರು.

"ಇನ್ನೂ ನಿಮ್ದಾಗಿಲ್ರಿ ಗಾಡಿ. ಸದ್ಯಾ ಇದು ನಂದು."

ಅವರು ಹೋದ ವಾರ ತೀರಿಕೊಂಡರೆಂದು ಬೈಲಹೊಂಗಲದಿಂದ ಬಂದ ಪರಿಚಯದವರೊಬ್ಬರು ಹೇಳಿದರು. "ಭಾಳ ಹಟಮಾರಿ ಮನಶ್ಯಾ ಬಿಡ್ರಿ" ಎಂದೂ ಸೇರಿಸಿದರು. ನಾನು ಹೌದೆಂದೆ. ಆ ಹಟ ಯಾವುದರಿಂದ ಆಗಿತ್ತೆಂದು ಹೇಳಲು ಹೋಗಲಿಲ್ಲ. ಹೇಳಿದ್ದರೆ ನನ್ನದೂ ಒಂದು ಸಂಗತಿ ಹೇಳಬೇಕಾಗುತ್ತಿತ್ತು. ಅದನ್ನೀಗ ಬರೆಯುತ್ತೇನೆ.

ನಾನು ಪುಣೆಯಲ್ಲಿ ವೈದ್ಯಕೀಯ ಓದಿ ಬಂದು ಬೈಲಹೊಂಗಲದಲ್ಲಿ ದವಾಖಾನೆ ತೆರೆದದ್ದು ದೇಶ ಸ್ವತಂತ್ರವಾದ ಮರುವರ್ಷ. ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಮೋಟಾರಸೈಕಲ್ಲುಗಳು ಆಗ ನಮ್ಮ ಸೀಮೆಗೂ ಬಂದಿದ್ದವು. ಜನ ಅವಕ್ಕೆ ಫಟಫಟಿ ಅನ್ನುತ್ತಿದ್ದರು. ಕಿತ್ತೂರಿನಿಂದ ಮುನವಳ್ಳಿಯವರೆಗೆ ಎಲ್ಲಿಂದ ಕರೆ ಬಂದರೂ ಹೋಗಬೇಕಾಗಿದ್ದರಿಂದ ನಾನೂ ಒಂದು ಕೊಂಡೆ. ಕೊಂಡ ಮರುದಿನವೇ ಅವರ ಪರಿಚಯವಾಯಿತು.

ಊರಿನವರು ಅವರನ್ನು ಭಟ್ಟ ಮಿಸ್ತ್ರಿ ಎಂದು ಕರೆಯುತ್ತಿದ್ದರು. ಹೆಸರು ಇಟ್ಟವರು ಚೇಷ್ಟೆಗೇ ಇಟ್ಟದ್ದು. ಅವರದು ತಲೆತಲಾಂತರದಿಂದ ಪೌರೋಹಿತ್ಯದ ಮನೆ. ಅಣ್ಣ ಅದೇ ವೃತ್ತಿಯಲ್ಲಿದ್ದರು. ಇವರು ಮಾತ್ರ ಹತ್ತೊಂಬತ್ತನೇ ವಯಸ್ಸಿಗೆ ಹೇಳದೆ ಕೇಳದೆ ಸೈನ್ಯ ಸೇರಿ, ಬಸ್ರಾದ ಕಡೆ ಮಿಲಿಟರಿಯ ಮೋಟಾರು ಕಾರಖಾನೆಯಲ್ಲಿ ನಾಲ್ಕು ವರ್ಷ ಕಳೆದು ಬಂದಿದ್ದರು. ಯಾರಾದರೂ ನಗುತ್ತ, "ನೀವು ಭಟ್ರೋ ಮಿಸ್ತ್ರಿನೋ?" ಎಂದು ಕೇಳಿದರೆ, "ಎರಡೂ ಖರೇನ ಅದ. ನಿಮಗ ಯಾವುದು ಬೇಕಾಗ್ಯದ ಹೇಳ್ರಿ, ಅದರದ್ದ ಕೆಲಸಾ ಮಾಡ್ತೀನಿ" ಎನ್ನುತ್ತಿದ್ದರು. ಕೇಳಿದವನು ಮುಂದೆ ನಗುತ್ತಿರಲಿಲ್ಲ.

ಅವರ ತಂದೆ ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಿದ್ದರು. ಔಷಧ ಕೊಡುತ್ತಿದ್ದವನು ನಾನು. ದಿನಾ ಶೆಡ್ಡು ಮುಚ್ಚಿ ಬಂದು ಅವರನ್ನು ಎತ್ತಿ ಕೂಡ್ರಿಸಿ, ಮೈ ಒರೆಸಿ, ಮಗ್ಗಲು ಬದಲಿಸುತ್ತಿದ್ದವರು ಈ ಮಗ. ತಂದೆ ತೀರಿದ ಮೇಲೆ, ಶ್ರಾದ್ಧದ ದಿನ ಅಣ್ಣ ನೆರೆದವರೆಲ್ಲರ ಎದುರು ಇವರ ಉಗುರಿನ ಸಂದಿಯ ಕಪ್ಪು ನೋಡಿ, "ಆ ಕೈಲೆ ಪಿಂಡಕ್ಕ ಕೈ ಹಚ್ಚಬ್ಯಾಡ" ಎಂದರಂತೆ. ಇವರು ಎರಡೂ ಕೈ ಮುಂದೆ ಚಾಚಿ, "ಅಪ್ಪನ್ನ ಆರು ತಿಂಗಳು ಎತ್ತಿದ್ದು ಈ ಕೈ. ಆವಾಗ ಕರೀ ಕಾಣಲಿಲ್ಲೇನು ನಿನಗ?" ಎಂದು ಕೇಳಿ, ಅಲ್ಲಿಯೇ ಕೂತು ಪಿಂಡ ಇಟ್ಟೇ ಎದ್ದರು. ಇದನ್ನು ನನಗೆ ಹೇಳಿದವರು ಅಣ್ಣನವರೇ. ಹೇಳುವಾಗ ಅವರಿಗೆ ಸಿಟ್ಟಿತ್ತೋ ಅಭಿಮಾನವಿತ್ತೋ ನನಗೆ ತಿಳಿಯಲಿಲ್ಲ.

ಅವರ ಹಟವೆಲ್ಲ ಒಂದು ತೂಕವಾದರೆ ಬ್ರೇಕಿನ ವಿಷಯದ ಹಟವೇ ಒಂದು ತೂಕ. ಆ ಗಾಡಿಗಳ ಚಕ್ರದ ನಡುವೆ ಒಂದು ಕಬ್ಬಿಣದ ಡಬ್ಬಿ, ಅಂದರೆ ಡ್ರಮ್ಮು. ಒಳಗೆ ಅರ್ಧಚಂದ್ರದ ಆಕಾರದ ಎರಡು ಶೂ. ಬ್ರೇಕು ಒತ್ತಿದರೆ ಅವು ಅಗಲಿ, ಮೇಲಿನ ಲೈನಿಂಗು ಡ್ರಮ್ಮಿಗೆ ತಿಕ್ಕಿ ಚಕ್ರ ನಿಲ್ಲುತ್ತದೆ. ಚಕ್ರ ಬಿಚ್ಚಿದಾಗೆಲ್ಲ ಅವರು ಮೊದಲು ಸಬಕಾರ ಹಚ್ಚಿ ತಮ್ಮ ಕೈ ತೊಳೆಯುತ್ತಿದ್ದರು. ಗ್ರೀಸಿನ ಬೆರಳು ಲೈನಿಂಗಿಗೆ ತಾಗಬಾರದು. ಡ್ರಮ್ಮನ್ನು ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿ ಒಣಗಿಸುವರು. ಲೈನಿಂಗು ಹೊಳೆಯುತ್ತಿದ್ದರೆ ಪಾಲಿಶ್ ಕಾಗದದಿಂದ ತಿಕ್ಕಿ ಆ ಹೊಳಪು ತೆಗೆಯುವರು. ಶೂ ಅಗಲಿಸುವ ಸಣ್ಣ ಕೀಲಿಗೆ ಎಳ್ಳಿನಷ್ಟು ಗ್ರೀಸು. ಎರಡು ಎಳ್ಳಿನಷ್ಟು ಹಚ್ಚಿದವನನ್ನು ಶೆಡ್ಡಿನಿಂದ ಹೊರಗೆ ಹಾಕುತ್ತಿದ್ದರು. ಕಡೆಗೆ ಚಕ್ರದ ನಟ್ಟು ಬಿಗಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಬಿಗಿಯುವರು. ಹಾಗೆ ಮಾಡಿದರೆ ಎರಡೂ ಶೂ ಡ್ರಮ್ಮಿನ ನಟ್ಟನಡುವೆ ಕೂಡುತ್ತವಂತೆ.

ಇಷ್ಟೆಲ್ಲ ಆದ ಮೇಲೂ ಗಾಡಿ ನಮ್ಮದಾಗುತ್ತಿರಲಿಲ್ಲ. ಬೆಳವಡಿ ರಸ್ತೆಯ ಮೇಲೆ ಒಂದೆರಡು ಮೈಲು ತಾವೇ ಓಡಿಸುವರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಮತ್ತೆ ಮತ್ತೆ ಬ್ರೇಕು ಹಾಕುತ್ತ. ನಡುವೆ ನಿಲ್ಲಿಸಿ ಡ್ರಮ್ಮಿನ ಹತ್ತಿರ ಹಿಂಗೈ ಹಿಡಿದು ಬಿಸಿ ನೋಡುವರು. ಎರಡೂ ಚಕ್ರ ಹದಕ್ಕೆ ಬಂದವೆಂದು ಮನಸ್ಸಿಗೆ ಬಂದಾಗ ಮರಳಿ ಬರುವರು.

ಒಮ್ಮೆ ಮುನವಳ್ಳಿಯ ಕಡೆಯಿಂದ ಕರೆ ಬಂತು. ಹೆರಿಗೆ ಕಷ್ಟವಾಗಿದೆ, ಕೂಡಲೇ ಬರಬೇಕು. ನನ್ನ ಗಾಡಿಯ ಹಿಂದಿನ ಚಕ್ರವನ್ನು ಅವರು ಆಗಷ್ಟೇ ಕೂಡಿಸಿದ್ದರು. ನಾನು ಓಡಿಹೋಗಿ ಹ್ಯಾಂಡಲ್ ಹಿಡಿದೆ. ಅವರು ಬಿಡಲಿಲ್ಲ.

"ಮಿಸ್ತ್ರಿಯವರ, ಜೀವದ ಪ್ರಶ್ನಾ ಐತ್ರಿ!" ಎಂದು ಕೂಗಿದೆ.

"ನಾನೂ ಜೀವದ್ದ ಮಾತು ಆಡ್ಲಿಕ್ಕೆ ಹತ್ತೀನಿ. ಹೊಸಾ ಚಪ್ಪಲಿ ಮೆಟ್ಟಿಕೊಂಡು ಯಾರರ ದೂರದ ಊರಿಗೆ ನಡಕೊಂತ ಹೊಂಡ್ತಾರೇನ್ರಿ? ಮೊದಲ ಮನ್ಯಾಗ ನಾಕ ದಿನಾ ಅಡ್ಡಾಡ್ತಾರ. ಹಾದ್ಯಾಗ ನೀವ ಬಿದ್ರ ಆ ಹೆಣ್ಣಮಗಳ ಹತ್ರ ಯಾರು ಹೋಗಾವ್ರು? ಇಪ್ಪತ್ತು ಮಿನಿಟು ಕೂಡ್ರಿ."

ನಾನು ಬಾಯಿಗೆ ಬಂದದ್ದು ಅಂದೆ. ಅವರು ಕೇಳಿಸಿಕೊಂಡು ಗಾಡಿ ಶುರು ಮಾಡಿ ಹೋಗಿಬಿಟ್ಟರು. ಇಪ್ಪತ್ತು ಮಿನಿಟಿಗೆ ಸರಿಯಾಗಿ ಬಂದು ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟು, "ಈಗ ಬೈಕೋತ ಹೋಗ್ರಿ" ಎಂದರು. ಅಂದು ಯರಗಟ್ಟಿ ದಾಟಿದ ಮೇಲೆ ಒಂದು ಚಕ್ಕಡಿ ಹೊಲದ ದಾರಿಯಿಂದ ನೇರ ನನ್ನ ಮುಂದೆ ಬಂತು. ಎತ್ತುಗಳ ಮೂಗಿನ ಉಸಿರು ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಗಾಡಿ ನಿಂತಿತು. ಮಗು ಬದುಕಿತು, ತಾಯಿಯೂ ಬದುಕಿದಳು. ತಿರುಗಿ ಬಂದು ಚಕ್ಕಡಿಯ ಸಂಗತಿ ಹೇಳಿದರೆ ಅವರು, "ಹೂಂ" ಎಂದರು. ಅಷ್ಟೇ.

ಇನ್ನು ನಾನು ಹೇಳಬೇಕಾದ ಸಂಗತಿ.

ಊರಿನಲ್ಲಿ ಅರಳೆಯ ದೊಡ್ಡ ವ್ಯಾಪಾರದ ಒಬ್ಬ ಸಾವಕಾರರಿದ್ದರು. ನನ್ನ ದವಾಖಾನೆ ಇದ್ದದ್ದು ಅವರ ಕಟ್ಟಡದಲ್ಲಿ. ಅವರ ಕಿರಿಯ ಮಗ, ಇಪ್ಪತ್ತೆರಡರ ತರುಣ, ಒಂದು ಮುಂಜಾನೆ ಎಲ್ಲಮ್ಮನ ಗುಡ್ಡದಿಂದ ಉಗರಗೋಳದ ಕಡೆ ಫಟಫಟಿಯ ಮೇಲೆ ಇಳಿಯುವಾಗ ತಿರುವಿನಲ್ಲಿ ಗಾಡಿ ನಿಲ್ಲದೆ ಬಂಡೆಗೆ ಬಿದ್ದ. ಕಾಲಿನ ಎಲುಬು, ಹೆಗಲಿನ ಎಲುಬು ಎರಡೂ ಮುರಿದಿದ್ದವು. ಬಡಿಗೆ ಕಟ್ಟಿ ಹಾಸಿಗೆಗೆ ಹಾಕಿದವನು ನಾನೇ. ಆ ಗಾಡಿಯ ಚಕ್ರಗಳನ್ನು ಭಟ್ಟ ಮಿಸ್ತ್ರಿ ಬಿಚ್ಚಿ ಕೂಡಿಸಿ ಎಂಟು ದಿನವಾಗಿತ್ತು. ಸಾವಕಾರರಿಗೆ ಅಷ್ಟು ಸಾಕಾಯಿತು.

ಮೂರನೆಯ ದಿನ ತಮ್ಮ ಅರಳೆಯ ಅಡತಿ ಅಂಗಡಿಗೆ ಊರಿನ ನಾಲ್ವರು ಹಿರಿಯರನ್ನು ಕರೆಸಿದರು. ಮಗನ ಪ್ರಕೃತಿ ಹೇಗಿದೆಯೆಂದು ಹೇಳಲು ನನ್ನನ್ನೂ ಕರೆಸಿದರು. ಮಿಸ್ತ್ರಿ ಕೆಲಸದ ಅಂಗಿಯಲ್ಲೇ ಬಂದು ಬಾಗಿಲಲ್ಲಿ ನಿಂತರು.

"ನಾಕ ಮಂದಿ ಮುಂದ ತಪ್ಪಾತಂತ ಹೇಳು. ಆ ಶೆಡ್ಡ ಮುಚ್ಚಿ ಬಿಡು. ಇಲ್ಲಂದ್ರ ನಾಳಿಂದ ಈ ಊರಾಗ ಯಾವ ಮಗಾನೂ ನಿನ್ನ ಕಡೆ ಗಾಡಿ ತರಂಗಿಲ್ಲ, ನೋಡ್ಕೋತೇನಿ" ಎಂದರು ಸಾವಕಾರರು.

"ತಪ್ಪಾಗಿದ್ರ ನೀವು ಕರೆಸೋಕಿಂತ ಮೊದಲ ಬಂದು ನಿಮ್ಮ ಕಾಲ ಹಿಡೀತಿದ್ದೆ. ತಪ್ಪಾಗಿಲ್ಲ. ಗಾಡಿ ಎಲ್ಲದ?"

ಗಾಡಿ ಹಿತ್ತಲಲ್ಲಿತ್ತು. ಅದನ್ನು ತರಿಸಿದಾಗ ಅವರು ಅದಕ್ಕೆ ಕೈ ಹಚ್ಚಲಿಲ್ಲ. "ನಿಮ್ಮ ಡ್ರೈವ್ಹರನ ಬಿಚ್ಚಲಿ. ನಾ ಮುಟ್ಟಿದ್ರ ನಾಳೆ ಇನ್ನೊಂದು ಮಾತು ಬರ್ತದ" ಎಂದು ಬೆನ್ನಿನ ಹಿಂದೆ ಕೈ ಕಟ್ಟಿ ನಿಂತರು. ಸಾವಕಾರರ ಕಾರು ನಡೆಸುವ ಆ ಮನುಷ್ಯ ಹಿಂದಿನ ಚಕ್ರ ಬಿಚ್ಚಿದ. ಡ್ರಮ್ಮಿನ ತುಂಬ ಹಳದಿ ಗ್ರೀಸು. ಲೈನಿಂಗು ಅದನ್ನು ಕುಡಿದು ಕರ್ರಗೆ ಮಿಂಚುತ್ತಿತ್ತು. ಮುಂದಿನ ಚಕ್ರದಲ್ಲೂ ಅದೇ.

"ನೋಡು, ನೀನ ತುಂಬೀಯಲ್ಲ!" ಎಂದರು ಸಾವಕಾರರು.

"ಹತ್ತು ದಿನಾ ಹಿಂದ ನಾ ತುಂಬಿದ್ರ, ನಿಮ್ಮ ಮಗಾ ನಡುವ ಎರಡ ಸಲಾ ರಾಮದುರ್ಗಕ್ಕ ಹೋಗಿ ಬಂದ್ರಲ್ಲ, ಆವಾಗ ಬ್ರೇಕ್ ಹೆಂಗ ಹಿಡದ್ವು? ಇದು ಮೊನ್ನಿ ಮೊನ್ನಿ ಹಾಕಿದ್ದು. ನನ್ನ ಶೆಡ್ಡಿನ್ಯಾಗ ಈ ಬಣ್ಣದ ಗ್ರೀಸ ಇಲ್ಲ, ಹೋಗಿ ನೋಡ್ರಿ."

ಡ್ರೈವರ್ ತಲೆ ಎತ್ತಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಸಾವಕಾರರು, "ಮಾತಿನ್ಯಾಗ ನಿಮ್ಮನ್ನ ಯಾರು ಗೆಲ್ಲಬೇಕು?" ಎಂದರು. ಆ "ನಿಮ್ಮನ್ನ" ಎಂಬುದರಲ್ಲಿ ಭಟ್ಟರೆಲ್ಲರೂ ಇದ್ದರು.

ಮಿಸ್ತ್ರಿಯ ಮುಖ ಕೆಂಪಾಯಿತು. "ಹಂಗಾರ ಮಾತು ಬ್ಯಾಡ. ಇದೇ ಗಾಡಿ, ಅದೇ ಇಳಿಜಾರು. ನಾಕು ದಿನಾ ಕೊಡ್ರಿ, ಸಜ್ಜು ಮಾಡ್ತೀನಿ. ನಾನ ಓಡಸ್ತೀನಿ. ನನ್ನ ಹಿಂದ ನಿಮ್ಮೊಳಗ ಒಬ್ರು ಕೂಡ್ರಬೇಕು. ಒಬ್ಬನ ಹೋದ್ರ, 'ಹುಚ್ಚ, ಜೀವದ ಹಂಗ ಬಿಟ್ಟು ಹಾರಿದಾ' ಅಂತೀರಿ."

ಸಾವಕಾರರು ಒಪ್ಪಿದರು. ಕೂಡ್ರುವವರು ಯಾರೆಂದು ಆಗ ಯಾರೂ ಕೇಳಲಿಲ್ಲ.

ಆ ನಾಲ್ಕು ದಿನ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಬಾಗಿದ ಹ್ಯಾಂಡಲ್ ನೆಟ್ಟಗಾಯಿತು. ನಾನು ಸಂಜೆ ಹೋಗಿ, ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದೇ ಎಂದು ಕೇಳಿದೆ. "ಎಣ್ಣಿ ಕುಡದದ್ದು ತೊಳದ್ರ ಮ್ಯಾಲ ಚೊಕ್ಕ ಕಾಣ್ತದ. ಒಂದು ಸಲಾ ಬಿಸಿ ಆತಂದ್ರ ಒಳಗಿಂದು ತಿರುಗಿ ಉಗುಳ್ತದ" ಎಂದು ಹಳೆಯದನ್ನು ಕಿತ್ತೊಗೆದು ಹೊಸ ಲೈನಿಂಗು ಇಟ್ಟು ತಾಮ್ರದ ಮೊಳೆ ಹೊಡೆಯುತ್ತಿದ್ದರು. ನಾಲ್ಕನೆಯ ದಿನವೆಲ್ಲ ಬೆಳವಡಿ ರಸ್ತೆಯ ಮೇಲೆ ಆ ಗಾಡಿಯ ಸದ್ದೇ ಸದ್ದು.

ಐದನೆಯ ದಿನ ಮುಂಜಾನೆ ನಾವೆಲ್ಲ ಗುಡ್ಡದ ಮೇಲೆ ನೆರೆದೆವು. ಸಾವಕಾರರ ಕಾರಿನಲ್ಲಿ ಅವರು, ಅವರ ತಾಯಿ, ನಾನು. ಹಿರಿಯರು ನಾಲ್ವರೂ ಇನ್ನೊಂದು ಮೋಟಾರಿನಲ್ಲಿ. ತಾಯಿಗೆ ಎಪ್ಪತ್ತು ದಾಟಿತ್ತು. ಮೊಮ್ಮಗನ ಹೆಸರಿನಲ್ಲಿ ಎಲ್ಲಮ್ಮನಿಗೆ ಉಡಿ ತುಂಬಬೇಕೆಂದು ಬಂದಿದ್ದರು. ಅದಾಗಲೇ ತುಂಬಿ ಬಂದು ಕಾರಿನಲ್ಲಿ ಕೂತಿದ್ದರು.

ಇಳಿಜಾರು ಶುರುವಾಗುವಲ್ಲಿ ಮಿಸ್ತ್ರಿ ಗಾಡಿ ನಿಲ್ಲಿಸಿ, "ಯಾರು ಬರ್ತೀರಿ?" ಎಂದರು.

ಸಾವಕಾರರು ಹಿರಿಯರತ್ತ ನೋಡಿದರು. ಹಿರಿಯರಲ್ಲಿ ಒಬ್ಬರಿಗೆ ಟೊಂಕ ನೋವು, ಒಬ್ಬರಿಗೆ ತಲೆ ತಿರುಗು. ಉಳಿದಿಬ್ಬರು ಉಗರಗೋಳದ ಹೊಲಗಳನ್ನು ನೋಡುತ್ತ ನಿಂತರು. ಆಗ ಮಿಸ್ತ್ರಿ ನನ್ನ ಕಡೆ ತಿರುಗಿದರು.

"ಡಾಕ್ಟರ್ ಸಾಹೇಬ್ರ?"

ಆ ಬ್ರೇಕುಗಳ ಮೇಲೆ ನನಗೆ ಸಂಶಯವಿರಲಿಲ್ಲ. ಯರಗಟ್ಟಿಯ ಎತ್ತುಗಳ ಉಸಿರು ನನಗೆ ನೆನಪಿತ್ತು. ಆದರೆ ಸಾವಕಾರರು ನನ್ನನ್ನೇ ನೋಡುತ್ತಿದ್ದರು. ಆ ಗಾಡಿಯ ಮೇಲೆ ಕೂತರೆ ನಾನು ಯಾರ ಕಡೆಯವನೆಂದು ಸಾರಿದಂತಾಗುತ್ತಿತ್ತು. ನನ್ನ ದವಾಖಾನೆ, ಅದರ ಬಾಗಿಲು, ಬಾಗಿಲ ಮೇಲಿನ ಹಲಗೆ ಎಲ್ಲ ಕಣ್ಣ ಮುಂದೆ ಬಂದವು.

"ರೋಗಿಗಳು ಕಾಯಾಕ ಹತ್ತ್ಯಾರ್ರಿ. ನಂದೇನರ ಆದ್ರ ಅವರ ಗತಿ..." ಎಂದೆ.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆಯಿತು.

"ಸರೀರಿ ಎಲ್ಲಾರೂ. ನಾ ಕುಂದರತೇನಿ" ಎಂದು ಮುದುಕಿ ಇಳಿದರು.

"ಯವ್ವಾ, ನಿನಗೇನ ತಲಿ ಕೆಟ್ಟೈತೇನ?" ಎಂದು ಸಾವಕಾರರು ಓಡಿಬಂದರು.

"ನನ್ನ ಮೊಮ್ಮಗಾ ಯಾಕ ಬಿದ್ದಾ ಅನ್ನೂದು ನನಗ ತಿಳೀಬೇಕು. ಎಂಟ ದಿನಾ ಆತು, ನಿಮ್ಮ ಮಾತ ಕೇಳಿ ಕೇಳಿ ಸಾಕಾಗೈತಿ."

ಮಿಸ್ತ್ರಿ ತಾವೇ ಗಾಬರಿಯಾದರು. "ಅವ್ವಾರ, ಬ್ಯಾಡ್ರಿ. ವಯಸ್ಸಾಗ್ಯದ. ಗಂಡಸರು ಯಾರರ..."

"ಯಾಕ? ನಿನ್ನ ಬ್ರೇಕಿನ ಮ್ಯಾಲ ನಿನಗ ನಂಬಿಗಿ ಇಲ್ಲೇನು?"

ಮಿಸ್ತ್ರಿ ಗಾಡಿ ಹಿಡಿದು ನಿಂತರು. ಮುದುಕಿ ಸೀರೆಯ ಸೆರಗು ನಡುವಿಗೆ ಸಿಗಿಸಿ, ಒಂದು ಬದಿಗೆ ಕಾಲು ಇಳಿಬಿಟ್ಟು ಹಿಂದೆ ಕೂತು, ಎಡಗೈಯನ್ನು ಅವರ ಹೆಗಲ ಮೇಲೆ ಇಟ್ಟರು. ಕಿಕ್ಕು ಹೊಡೆಯುವಾಗ ಮಿಸ್ತ್ರಿಯ ಕಾಲು ಎರಡು ಸಲ ಜಾರಿತು. ಅವರು ಅಂಜಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾವು ಕಾರಿನಲ್ಲಿ ಹಿಂದೆ ಹೊರಟೆವು. ಮೊದಲಿನ ಇಳಿತದಲ್ಲಿ ಅವರು ಎರಡು ಸಲ ಮೆಲ್ಲಗೆ ಬ್ರೇಕು ಹಿಡಿದು ನೋಡಿಕೊಂಡರು. ಆಮೇಲೆ ಗಾಡಿಯನ್ನು ಬಿಟ್ಟರು. ಮುದುಕಿಯ ಸೆರಗು ಕಿತ್ತು ಗಾಳಿಗೆ ಹಾರಿತು. ನನ್ನ ಪಕ್ಕದಲ್ಲಿ ಸಾವಕಾರರು "ಶಿವಾ ಶಿವಾ" ಎನ್ನುತ್ತಿದ್ದರು. ಮಗ ಬಿದ್ದ ತಿರುವು ಬಂತು. ಬಂಡೆಗೆ ಎರಡು ಮಾರು ಇರುವಾಗ ಗಾಡಿ ಸ್ವಲ್ಪವೂ ಅತ್ತಿತ್ತ ಹೊರಳದೆ, ಯಾರೋ ಹಿಡಿದಂತೆ ನಿಂತುಬಿಟ್ಟಿತು.

ನಾವು ಇಳಿದು ಹೋದಾಗ ಮುದುಕಿ ಕೆಳಗಿಳಿದು ಬಂಡೆಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ತಿರುಗಿ ಡ್ರೈವರನನ್ನು ನೋಡಿದರು. ಅವನು ಅಲ್ಲಿಯೇ ಅವರ ಕಾಲ ಹತ್ತಿರ ಕುಕ್ಕರಿಸಿದ.

"ಯವ್ವಾರ, ಗ್ರೀಸ ತುಂಬಿದಾಂವ ನಾನರಿ. ಹಳ್ಳದಾಗ ಗಾಡಿ ತೊಳದ ಮ್ಯಾಲ ಗಾಲಿ ಬಿಗಿ ತಿರಗತಾವ, ಒಳಗ ಗ್ರೀಸ ತುಂಬು ಅಂತ ಸಣ್ಣ ಧಣ್ಯಾರು ಹೇಳಿದ್ರು. ನನಗ ತಿಳೀಲಿಲ್ರಿ."

ಸಾವಕಾರರು, "ಆತಲ್ಲ, ಮುಗೀತು. ನಡೀರಿ, ಹೊತ್ತಾತು" ಎಂದರು.

"ಮುಗಿದಿಲ್ರಿ ಸಾವಕಾರ್ರ" ಎಂದರು ಮಿಸ್ತ್ರಿ. "ನಿಮ್ಮ ಅಂಗಡ್ಯಾಗ ನಾಕ ಮಂದಿ ಮುಂದ ನನ್ನ ಬಾಯಿಂದ ಒಂದು ಮಾತು ಹೊರಡಸಬೇಕು ಅಂತಿದ್ರಿ. ಆ ಮಾತು ಈಗ ನೀವು ಅನ್ನಬೇಕಾದದ್ದು. ಆ ನಾಕ ಮಂದೀನೂ ಇಲ್ಲೇ ಇದ್ದಾರ."

"ಅನ್ನಪಾ" ಎಂದರು ತಾಯಿ. "ಒಂದ ಮಾತು. ಅಂದ್ರ ಹಲ್ಲ ಉದರತಾವೇನು?"

ಸಾವಕಾರರು ಹೋಗಿ ಕಾರಿನಲ್ಲಿ ಕೂತರು.

ಮಿಸ್ತ್ರಿ ಗಾಡಿಯನ್ನು ರಸ್ತೆಯ ಬದಿಗೆ ಸ್ಟ್ಯಾಂಡು ಹಾಕಿ ನಿಲ್ಲಿಸಿದರು. ಡ್ರೈವರನಿಗೆ, "ಬ್ರೇಕ್ ಹದಕ್ಕ ಬಂದಾವ. ಯಾರನರ ಕಳಿಸಿ ತರಸ್ಕೋ. ಇನ್ನ ಮ್ಯಾಲ ಈ ಗಾಡಿ ನನ್ನ ಶೆಡ್ಡಿಗೆ ಬರೋದು ಬ್ಯಾಡ" ಎಂದರು. ಮುದುಕಿಗೆ ಬಾಗಿ ನಮಸ್ಕಾರ ಮಾಡಿದರು. ಆಮೇಲೆ ಸವದತ್ತಿಯ ಕಡೆಗೆ ನಡೆಯುತ್ತ ಹೊರಟುಬಿಟ್ಟರು. ಬಿಸಿಲು ಏರಿತ್ತು. ಬಸ್ಸು ಸಿಗಬೇಕಾದರೆ ಸವದತ್ತಿಯ ತನಕ ನಡೆಯಲೇಬೇಕಾಗಿತ್ತು.

ನಮ್ಮ ಕಾರು ಅವರನ್ನು ದಾಟಿ ಹೋಯಿತು. ಅವರು ರಸ್ತೆಯ ಅಂಚಿಗೆ ಸರಿದು ದಾರಿ ಕೊಟ್ಟರು. ಕಾರಿನೊಳಗೆ ನೋಡಲಿಲ್ಲ. ಹಿಂದಿನ ಸೀಟಿನಿಂದ ಮುದುಕಿ ಕೇಳಿದರು:

"ಡಾಕ್ಟರ್ರ, ನಿಮ್ಮ ರೋಗಿಗಳು ಇನ್ನೂ ಕಾಯಾಕ ಹತ್ತ್ಯಾರೇನ್ರಿ?"



ಶೆಡ್ಡು ಮುಚ್ಚಲಿಲ್ಲ. ಅಲ್ಲಿಗೆ ಯಾರೂ ಗಾಡಿ ಒಯ್ಯಬಾರದೆಂದು ಸಾವಕಾರರು ಹೇಳಿಕಳಿಸಿದ್ದು ಖರೆ, ಆದರೆ ಜನ ಕೇಳಲಿಲ್ಲ. ಮುದುಕಿ ಫಟಫಟಿ ಏರಿದ ಸುದ್ದಿ ಚಚಡಿ, ಮುನವಳ್ಳಿಗಳನ್ನೂ ದಾಟಿ ಹೋಗಿತ್ತು. ಚಕ್ರದ ಕೆಲಸ ಎಂದರೆ ರಾಮದುರ್ಗದವರೂ ಬೈಲಹೊಂಗಲಕ್ಕೇ ಬರತೊಡಗಿದರು. ಸಾವಕಾರರ ಮಗ ಎದ್ದು ಓಡಾಡುವಂತಾದ ಮೇಲೆ ಕುಂಟುತ್ತ ಒಮ್ಮೆ ಶೆಡ್ಡಿಗೆ ಹೋಗಿ, ತಪ್ಪು ನಂದು ಅಂದು ಬಂದನಂತೆ. ಆಗ ಮಿಸ್ತ್ರಿ ಅವನಿಗೆ ಚಹಾ ಕುಡಿಸಿದರು, ಗಾಡಿಯನ್ನು ಮಾತ್ರ ಮುಟ್ಟಲಿಲ್ಲ. ಅದು ದುರಸ್ತಿಗೆ ಕಡೆಯವರೆಗೂ ಬೆಳಗಾವಿಗೇ ಹೋಯಿತು.

ನಾನು ಹದಿನೈದು ದಿನ ಶೆಡ್ಡಿನ ಕಡೆ ಸುಳಿಯಲಿಲ್ಲ. ಕಡೆಗೆ ನನ್ನ ಗಾಡಿಯ ಮುಂದಿನ ಬ್ರೇಕು ಕಿರುಗುಟ್ಟತೊಡಗಿತು, ಹೋಗಲೇಬೇಕಾಯಿತು. ಅವರು ಎಂದಿನಂತೆ ಚಕ್ರ ಬಿಚ್ಚಿದರು, ಕೈ ತೊಳೆದರು, ಲೈನಿಂಗು ತಿಕ್ಕತೊಡಗಿದರು. ನಾನು ಡಬ್ಬಿಯೊಂದರ ಮೇಲೆ ಕೂತು ಕೇಳಿದೆ:

"ನನ್ನ ಮ್ಯಾಲ ಸಿಟ್ಟ ಐತೇನ್ರಿ?"

"ಸಿಟ್ಟಿಲ್ರಿ" ಎಂದರು, ತಲೆ ಎತ್ತದೆ. "ಗೊತ್ತಾತು, ಅಷ್ಟ."

ಬೈದಿದ್ದರೆ ಚಲೋ ಇತ್ತು. ನಾನು ಎದ್ದು ನಿಂತು, "ನಾಳೆ ಗುಡ್ಡಕ್ಕ ಹೋಗೂಣು. ಊರ ಮಂದಿ ನೋಡಲಿ. ನಾ ನಿಮ್ಮ ಹಿಂದ ಕುಂದರತೇನಿ" ಎಂದೆ.

ಅವರು ಲೈನಿಂಗಿನ ಪುಡಿ ಒರೆಸಿ, ಶೂವನ್ನು ಬೆಳಕಿಗೆ ಹಿಡಿದು ನೋಡಿದರು.

"ಈಗ ಯಾಕ್ರಿ ಡಾಕ್ಟರ್ ಸಾಹೇಬ್ರ?" ಎಂದರು. "ಈಗ ಯಾರು ಬೇಕಾದ್ರೂ ಕೂಡ್ರತಾರ."